ಮಿರ್ಲೆ ಅತ್ತೆ ಪಾಸು ಮಾಡಿದ ಮನೆ

ಕೃಷ್ಣರಾಜನಗರದಲ್ಲಿ ಒಂದು ಕಾಲಕ್ಕೆ ಮನೆ ಮಾರಲು ಹೊರಟವರು ಮೊದಲು ವಿಚಾರಿಸುತ್ತಿದ್ದುದು ಕೊಳ್ಳುವವರ ಹತ್ತಿರ ದುಡ್ಡಿದೆಯೇ ಎಂದಲ್ಲ. ಅವರಿಗೆ ಮಿರ್ಲೆ ಅತ್ತೆ ಏನಾದರೂ ಆಗಬೇಕೇ ಎಂದು! ಆಗಬೇಕು ಎಂದು ಗೊತ್ತಾದರೆ ಸಾಕು, "ಮನೆ ಮಾರೋ ಯೋಚ್ನೆನೇ ಬುಟ್ಬುಟ್ಟಿದ್ದೀವಿ ಕಣ್ರೀ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇದರಲ್ಲಿ ಸ್ವಲ್ಪ ಉಪ್ಪುಖಾರ ಸೇರಿದೆ ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ. ಅವಳ ಜೊತೆ ಮನೆ ನೋಡಲು ಹೋದವರು ನೀವಲ್ಲ, ನಾನು. ಅದೂ ಹನ್ನೊಂದು ಮನೆ!

ಮೊದಲೇ ಹೇಳಿಬಿಡುತ್ತೇನೆ, ಈ ಅತ್ತೆ ನನ್ನ ಗಂಡನ ತಾಯಿಯಲ್ಲ. ನಮ್ಮಪ್ಪನ ಅಕ್ಕ. ಸಾಲಿಗ್ರಾಮದ ಆಚೆಗಿನ ನಮ್ಮ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮಿರ್ಲೆಗೆ ಹೋದವಳು. ಗಂಡ ತೀರಿಕೊಂಡ ಮೇಲೆ ಕೆಲವು ವರ್ಷ ತಾನೇ ಗದ್ದೆ ನೋಡಿಕೊಂಡು, ಆಮೇಲೆ ಅದನ್ನು ಮಗನಿಗೆ ಒಪ್ಪಿಸಿ, ಕಂಡವರ ಮನೆ ನೋಡುವ ಕೆಲಸಕ್ಕೆ ಇಳಿದಳು. ನೆಂಟರಿಷ್ಟರಲ್ಲಿ ಯಾರು ಮನೆ ಕೊಳ್ಳಲಿ, ಮಾರಲಿ, ಗೋಡೆ ಒಡೆದು ಕಟ್ಟಲಿ, ಕರೆಯದಿದ್ದರೂ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ಓದು ಬರಹ ಬರುತ್ತಿರಲಿಲ್ಲ. ಆದರೂ "ಮನೆ ಕೊಳ್ಳುವವರಿಗೆ ಹತ್ತು ಸಲಹೆಗಳು" ಎಂದು ವಾರಪತ್ರಿಕೆಯಲ್ಲಿ ಬರೆಯುವ ಮಹನೀಯರಿಗೆ ನಾನು ಇವತ್ತಿಗೂ ಸವಾಲು ಹಾಕುತ್ತೇನೆ. ನಿಮ್ಮ ಹತ್ತನ್ನೂ ಒಟ್ಟಿಗೆ ತನ್ನಿ, ನಮ್ಮತ್ತೆಯ ಒಂದು ಹಿಡಿ ಉಪ್ಪಿನ ಮುಂದೆ ಇಡಿ, ನೋಡೇಬಿಡೋಣ!

ಹಟ ನಮ್ಮ ವಂಶದಲ್ಲೇ ಇದೆ. ನಮ್ಮ ತಾತನ ಎತ್ತುಗಳಿಗೂ ಅದು ಅಂಟಿತ್ತಂತೆ. ತಾತ ವಾರಕ್ಕೊಮ್ಮೆ ಗಾಡಿ ಕಟ್ಟಿಕೊಂಡು ಕೆ.ಆರ್. ನಗರದ ಸಂತೆಗೆ ಹೋಗುವಾಗ, ಮಿರ್ಲೆಯ ಬೀದಿಯಲ್ಲಿ ಒಂದು ಕಡೆ ಆ ಎತ್ತುಗಳು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದವಂತೆ. ತಾತ ಇಳಿದು, ನೊಗದ ಹಗ್ಗ ಬಿಗಿ ಮಾಡಿ, ಒಂದು ಎಲೆಅಡಿಕೆ ಹಾಕಿಕೊಂಡ ಮೇಲೆಯೇ ಮುಂದಕ್ಕೆ ಹೆಜ್ಜೆ. ಚಿಕ್ಕಂದಿನಲ್ಲಿ ಆ ಗಾಡಿಯಲ್ಲಿ ಕೂತು ಹೋಗುತ್ತಿದ್ದ ಅಪ್ಪ ಇದನ್ನು ಹೇಳಿಹೇಳಿ ನಗುತ್ತಿದ್ದರು. ಎತ್ತುಗಳೇ ಹೀಗಾದರೆ ಮಗಳು ಹೇಗಿರಬೇಡ?

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೆ.ಆರ್. ನಗರದಲ್ಲಿ ಪ್ರೈಮರಿ ಶಾಲೆಯ ಟೀಚರು. ನಮ್ಮವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಬಾಡಿಗೆ ಮನೆಯ ಯಜಮಾನರು ತಮ್ಮ ಮಗನ ಮದುವೆ ಗೊತ್ತಾಯಿತೆಂದು, ದೀಪಾವಳಿಯ ಹೊತ್ತಿಗೆ ಮನೆ ಬಿಟ್ಟುಕೊಡಿ ಎಂದರು. ಹದಿನಾಲ್ಕು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಾಯಿಸಿದ್ದ ನಾನು, ಈ ಸಲ ಸಾಮಾನು ಕಟ್ಟಿದರೆ ಅದನ್ನು ಬಿಚ್ಚುವುದು ಸ್ವಂತ ಮನೆಯಲ್ಲೇ ಎಂದು ಶಪಥ ಮಾಡಿದೆ. ಯುಗಾದಿ ಆಗಷ್ಟೇ ಮುಗಿದಿತ್ತು. ಇನ್ನೂ ಬೇಕಾದಷ್ಟು ದಿನ ಇವೆ ಎಂದುಕೊಂಡೆವು. ಅತ್ತೆಯ ಕಿವಿಗೆ ವಿಷಯ ಬಿದ್ದದ್ದು ಆಮೇಲೆ.

ಅವಳು ಬಂದಳು. ಎಲೆಅಡಿಕೆಯ ಚೀಲದಲ್ಲೇ ಅವಳ ಸಲಕರಣೆಗಳೆಲ್ಲ ಇದ್ದವು. ನೆಲದ ವಾಟ ನೋಡಲು ಒಂದು ಗಾಜಿನ ಗೋಲಿ. ಗೋಡೆಯನ್ನು ಟಕಟಕ ಎಂದು ಬಡಿದು, ಕಿವಿಯಿಟ್ಟು ಕೇಳಲು ಅಡಕತ್ತರಿ. ಹಸಿ ನೋಡಲು ಬಟ್ಟೆಯಲ್ಲಿ ಕಟ್ಟಿದ ಕಲ್ಲುಪ್ಪು. ಇಷ್ಟೆಲ್ಲ ಆದ ಮೇಲೆ ಕೊನೆಗೊಂದು ಪರೀಕ್ಷೆ ಇತ್ತು. ಅದಕ್ಕೆ ಸಲಕರಣೆ ಬೇಕಿರಲಿಲ್ಲ. ಅಡಿಗೆಮನೆಗೆ ಹೋಗಿ ಒಲೆ ಇಡುವ ಜಾಗದಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ. "ಏನು ನೋಡ್ತಿದ್ದೀಯ ಅತ್ತೆ?" ಎಂದರೆ "ಸುಮ್ಕಿರು ಒಸಿ" ಎನ್ನುತ್ತಿದ್ದಳು. ಅಲ್ಲಿ ದೇವರು ಮೈಮೇಲೆ ಬರುತ್ತದೆ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು.

ಮೊದಲನೆಯ ಮನೆಗೆ ಹೋದಾಗ ದಲ್ಲಾಳಿ ಬಹಳ ಉತ್ಸಾಹದಲ್ಲಿದ್ದ. "ಬನ್ನಿ ಅವ್ವಾರೆ, ಮುಂದ್ಗಡೆ ಗ್ರಿಲ್ ನೋಡಿ, ಮೊಸಾಯಿಕ್ ನೋಡಿ" ಎಂದು ತಿರುಗಿದರೆ ಅವ್ವಾರೇ ಇಲ್ಲ! ಪಕ್ಕದ ಸಂದಿಯಲ್ಲಿ ನುಗ್ಗಿ, ಸೆರಗು ಸಿಕ್ಕಿಸಿಕೊಂಡು, ಹಿತ್ತಲಿನಲ್ಲಿ ಬಚ್ಚಲ ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ.

"ಮುಂದ್ಗಡೆಯ ಮಾರೋನೇ ತೊಳ್ದು ಬಳ್ದು ಮಡಗಿರ್ತಾನೆ ಕಣವ್ವ" ಎಂದಳು ನನಗೆ. "ಇಂದ್ಗಡೆಯ ಯಾರು ಬಳ್ದಾರು? ಮನೆ ನಿಜ ಯೋಳೋದು ಬಚ್ಚಲ ಮೋರೀಲಿ."

ಮೋರಿಯ ಜಾಡು ಹಿಡಿದು ಹೊರಟಳು. ನೀರು ಬೇಲಿಯಡಿ ನುಸುಳಿ ಪಕ್ಕದವರ ಹಿತ್ತಲಿಗೆ ಹೋಗುತ್ತಿತ್ತು. ಅತ್ತೆ ಬೇಲಿಯ ಮೇಲಿಂದಲೇ ಪಕ್ಕದ ಮನೆಯಾಕೆಯನ್ನು ಕರೆದು, "ಈ ಮನೆ ಬಚ್ಚಲ ನೀರು ನಿಮ್ಮ ಇತ್ಲಿಗೆ ಬತ್ತಾ ಅದಲ್ಲ, ನಿಮ್ಗೆ ಒಪ್ಗೆಯಾ?" ಎಂದಳು. ಅಷ್ಟು ಕೇಳುವ ಪುಣ್ಯಾತ್ಮರಿಗಾಗಿ ಆಯಮ್ಮ ಆರು ವರ್ಷದಿಂದ ಕಾಯುತ್ತಿದ್ದಳು ಎಂದು ನಮಗೇನು ಗೊತ್ತು! ಕೈಯಲ್ಲಿದ್ದ ಮೊರ ಬಿಸಾಡಿ ಬೇಲಿಗೆ ಬಂದಳು. ಮನೆಯ ಯಜಮಾನಿ ಈ ಕಡೆಯಿಂದ ಬಂದಳು. ದಲ್ಲಾಳಿ ನಡುವೆ ನಿಂತು ಕೈ ಮುಗಿಯುತ್ತಿದ್ದ. ಅತ್ತೆ ನನ್ನ ಕೈ ಹಿಡಿದು ಮೆಲ್ಲಗೆ ಹೊರಗೆ ಕರೆತಂದು, "ಮನೆ ತಕಳೋಕ್ ಮುಂಚೆ ಪಕ್ಕದ್ಮನೆಯೋರ ಬಾಯಿ ನೋಡ್ಬೇಕು ಕಣವ್ವ. ಗೋಡೆ ಬೇಕಾರೆ ಒಡ್ದು ಕಟ್ಬೋದು, ಅವ್ರನ್ನ ಕಟ್ಟಕ್ಕಾದದಾ?" ಎಂದಳು. ಅಲ್ಲಿಗೆ ಒಂದು ಮನೆ ಮುಗಿಯಿತು.

ಇನ್ನೊಂದು ಮನೆಯವರು ಭಾರೀ ದೈವಭಕ್ತರು. ಪಡಸಾಲೆಯ ಒಂದೇ ಗೋಡೆಯಲ್ಲಿ ಮೂಡಲ ತಿರುಪತಿಯಿಂದ ಹಿಡಿದು ಪಡುವಲ ಧರ್ಮಸ್ಥಳದವರೆಗೆ ಎಲ್ಲ ದೇವರೂ ಸಾಲಾಗಿದ್ದರು. ಉಳಿದ ಮೂರು ಗೋಡೆ ಬೋಳು. ನಮ್ಮವರಿಗೆ ಆ ಭಕ್ತಿ ಬಹಳ ಮೆಚ್ಚುಗೆಯಾಯಿತು. ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ಆ ಸಾಲನ್ನೇ ನೋಡಿದಳು.

"ಎಲ್ಲಾ ದ್ಯಾವ್ರಿಗೂ ಇದೊಂದೇ ಗೋಡೆ ಯಾಕೆ ಬೇಕಾಗಿತ್ತು?"

ಯಾರೂ ಉತ್ತರ ಕೊಡುವ ಮುಂಚೆಯೇ ಸ್ಟೂಲು ಹತ್ತಿದಳು. "ತಪ್ಪಾಯ್ತು ಕಣಪ್ಪ, ಒಸಿ ಇಳ್ಕೊ" ಎಂದು ತಿಮ್ಮಪ್ಪನನ್ನು ಇಳಿಸಿದಳು. "ನೀನೂ ಬಾ ತಂದೆ" ಎಂದು ಮಂಜುನಾಥನನ್ನು ಇಳಿಸಿದಳು. ಲಕ್ಷ್ಮಿಯನ್ನು ನನ್ನ ಕೈಗೆ ಕೊಟ್ಟಳು. ಬಿರುಕು ತಿಮ್ಮಪ್ಪನ ಹಿಂದೆ ಶುರುವಾಗಿ ಮಂಜುನಾಥನ ಬೆನ್ನು ಹಾದು ಲಕ್ಷ್ಮಿಯ ಪಾದದಲ್ಲಿ ನೆಲ ಮುಟ್ಟಿತ್ತು. ಬೆರಳು ತೂರುವಷ್ಟು ಅಗಲ! ಮನೆಯ ಯಜಮಾನರು "ಅದು ಬರೀ ಪ್ಲಾಸ್ಟರು" ಎಂದರು. "ಇಷ್ಟು ಜನ ದ್ಯಾವ್ರು ಇಡ್ಕಂಡು ನಿಂತಿದ್ರೂ ಬಿರ್ಕು ನಿಂತಿಲ್ವಲ್ಲ, ನಮ್ಮ ಕೈಲಿ ನಿಂತದಾ?" ಎಂದು ಅತ್ತೆ ಎಲ್ಲರಿಗೂ ಕೈ ಮುಗಿದು, ಒಬ್ಬೊಬ್ಬರನ್ನೇ ಮತ್ತೆ ಮೊಳೆಗೆ ನೇತುಹಾಕಿ ಇಳಿದಳು. ಅವತ್ತಿನಿಂದ ನಾನು ಯಾರ ಮನೆಗೆ ಹೋದರೂ ಕ್ಯಾಲೆಂಡರಿನ ಹಿಂದೆ ಇಣುಕುವ ಚಟ ಅಂಟಿಸಿಕೊಂಡಿದ್ದೇನೆ.

ಆದರೆ ಉಪ್ಪಿನ ಪ್ರಸಂಗದ ಮುಂದೆ ಇದೆಲ್ಲ ಏನೂ ಅಲ್ಲ. ಗೋಡೆಯ ಬುಡದಲ್ಲಿ ಕಲ್ಲುಪ್ಪು ಇಟ್ಟು, ಒಂದು ಊಟ ಮಾಡಿ ಬರುವಷ್ಟು ಹೊತ್ತು ಬಿಟ್ಟರೆ, ಹಸಿ ಇದ್ದ ಕಡೆ ಅದು ನೀರೊಡೆಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಸರಿ, ಇಡಲಿ. ಆದರೆ ನೆಲ ಕೊಳೆಯಾಗಬಾರದೆಂದು ಅವಳು ಉಪ್ಪನ್ನು ಇಟ್ಟದ್ದು ಯಾವುದರ ಮೇಲೆ? ಚೀಲದಲ್ಲಿದ್ದ ವೀಳ್ಯದೆಲೆಯ ಮೇಲೆ! ಪಡಸಾಲೆಯ ನಾಲ್ಕು ಮೂಲೆಗೆ ನಾಲ್ಕು ಎಲೆ, ಎಲೆಗೊಂದು ಚಿಟಿಕೆ ಉಪ್ಪು. ಇಟ್ಟು, ಮನೆಯವರಿಗೆ ಒಂದು ಮಾತೂ ಹೇಳದೆ, ನಮ್ಮನ್ನು ಕರೆದುಕೊಂಡು ಊಟಕ್ಕೆ ಹೊರಟಳು.

ನಾವು ಮರಳಿ ಬರುವಷ್ಟರಲ್ಲಿ ಬೀದಿ ತುಂಬ ಜನ. ಮಧ್ಯಾಹ್ನದ ನಿದ್ದೆಯಿಂದ ಎದ್ದ ಆ ಮನೆಯ ಮುದುಕಿ ಎಲೆ, ಉಪ್ಪು ಕಂಡು, ಯಾರೋ ಮಾಟ ಮಾಡಿಸಿದ್ದಾರೆ ಎಂದು ಕಿರುಚಿಕೊಂಡು ಜಗುಲಿಗೆ ಬಂದುಬಿಟ್ಟಿದ್ದಾಳೆ! ಒಳಕ್ಕೆ ಹೋಗಲು ಯಾರಿಗೂ ಧೈರ್ಯವಿಲ್ಲ. ಮಾಟ ತೆಗೆಯುವವರನ್ನು ಕರೆತರಲು ಒಬ್ಬ ಆಗಲೇ ಸೈಕಲ್ ಹತ್ತಿದ್ದ. ಅತ್ತೆ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದಳು.

"ಬ್ಯಾಡ ಕಣವ್ವೋ, ಮಾಟದ ಉಪ್ಪು ಮುಟ್ಟಬ್ಯಾಡ!" ಎಂದು ಮುದುಕಿ ಜಗುಲಿಯಿಂದ ಕೂಗಿದಳು.

"ಮಾಟಕ್ಕೆ ಬರೀ ಉಪ್ಪು ಸಾಲ್ದು ಕಣಮ್ಮಿ, ನಿಂಬೆಹಣ್ಣು ಬೇಕು. ನನ್ ತಾವ ಇರ್ನಿಲ್ಲ!"

ಈ ಮಾತಿನಿಂದ ಪರಿಸ್ಥಿತಿ ತಿಳಿಯಾಗುತ್ತದೆ ಎಂದು ಅವಳು ಭಾವಿಸಿದ್ದಳು. ತಿಳಿಯಾಗಲಿಲ್ಲ. ಇಡೀ ಬೀದಿ ನಮ್ಮ ಕಡೆ ತಿರುಗಿತು. ಆ ಗಲಾಟೆಯ ನಡುವೆಯೂ ಅವಳು ನಾಲ್ಕೂ ಎಲೆಗಳನ್ನು ಎತ್ತಿ, ಉಪ್ಪನ್ನು ಬೆರಳಲ್ಲಿ ಉಜ್ಜಿ, "ಬಡಗಲ ಮೂಲೇಲಿ ನೀರೊಡ್ದದೆ. ಬ್ಯಾಡ ನಡಿ" ಎಂದು ತೀರ್ಪು ಕೊಟ್ಟೇ ಹೊರಟಳು. ನಮ್ಮವರು ಮೂರು ತಿಂಗಳು ಆ ಬೀದಿಯ ಪಂಪ್‌ಸೆಟ್ ರಿಪೇರಿಗೆ ಹೋಗಲಿಲ್ಲ.

ಕೊಳ್ಳುವವರಿಗೆ ಮಾತ್ರ ಅವಳ ಸಲಹೆ ಎಂದುಕೊಳ್ಳಬೇಡಿ. ಸಾಲಿಗ್ರಾಮದಲ್ಲಿ ನಮ್ಮ ದೂರದ ನೆಂಟರೊಬ್ಬರು ಎರಡು ವರ್ಷದಿಂದ ಮನೆ ಮಾರಲಾಗದೆ ಒದ್ದಾಡುತ್ತಿದ್ದರು. ಬಂದವರಿಗೆಲ್ಲ ತಮ್ಮ ಮನೆ ಅರಮನೆ ಎನ್ನುತ್ತಿದ್ದರು. ಅತ್ತೆ ಅವರನ್ನು ಗದರಿಸಿ ಸುಮ್ಮನಿರಿಸಿ, ಮುಂದೆ ಬಂದ ಗಿರಾಕಿಯನ್ನು ತಾನೇ ಕೈ ಹಿಡಿದು ಸುತ್ತಿಸಿದಳು. "ಇಲ್ಲಿ ಸೋರ್ತದೆ, ಚೆಂಬು ಮಡಗ್ಬೇಕು. ಈ ಬಾಗ್ಲು ಮಳೆಗಾಲ್ದಲ್ಲಿ ಕಚ್ಕತದೆ, ವಸಿ ಎತ್ತಿ ನೂಕು. ಈ ತೊಲೇಲಿ ಗೆದ್ಲಿತ್ತು, ಸೀಮೆಎಣ್ಣೆ ಬುಟ್ಟು ಓಗ್ಸವ್ರೆ, ಮತ್ತೆ ಬಂದ್ರೂ ಬಂತು." ನೆಂಟರು ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತರು. ಗಿರಾಕಿ ಅವತ್ತೇ ಮಾತು ಮುಗಿಸಿದ! ಹೋದಲ್ಲೆಲ್ಲ ಅರಮನೆಗಳನ್ನೇ ನೋಡಿ ಅವನಿಗೂ ಸಾಕಾಗಿತ್ತಂತೆ. ಇಷ್ಟೆಲ್ಲ ಹೇಳಿದ ಮೇಲೆ ಇನ್ನು ಮುಚ್ಚಿಟ್ಟದ್ದೇನೂ ಇರಲಾರದು ಎಂದು ನೆಮ್ಮದಿಯಾಯಿತಂತೆ.

ಹೀಗೆ ಒಂಬತ್ತು ಮನೆ ಫೇಲಾದವು. ಒಂದರಲ್ಲಿ ಗೋಲಿ ದೇವರಮನೆಯಿಂದ ಹೊರಟು ಬೀದಿಗೆ ಬಿತ್ತು. ಇನ್ನೊಂದರಲ್ಲಿ ಗೋಡೆ ಮಡಕೆಯ ಹಾಗೆ ಸದ್ದು ಮಾಡಿತು. ಉಳಿದ ನಾಲ್ಕು ಮನೆಗಳಿಗೆ ಅವಳು ಕೊಟ್ಟ ಕಾರಣ ಒಂದೇ: "ಅಡಿಗೆಮನೆ ಕತ್ಲೆ." ದೀಪ ಹಾಕಿಸಿಕೊಳ್ಳಬಹುದು ಎಂದರೆ ನನ್ನನ್ನು ದಡ್ಡಿಯ ಹಾಗೆ ನೋಡುತ್ತಿದ್ದಳು.

ಹತ್ತನೆಯದು ನಾಲೆಯ ಪಕ್ಕದ ಮನೆ. ಅದನ್ನು ನೋಡಿ ನಮ್ಮವರು ಸೋತುಹೋದರು. ಹೊಸ ತಾರಸಿ, ತೆಂಗಿನ ಮರದ ನೆರಳು, ಅಡಿಗೆಮನೆಯಲ್ಲಿ ಬೆಳಕು. ಬೇಸಿಗೆಯ ಬಿಸಿಲಲ್ಲಿ ಉಪ್ಪು ಗರಿಗರಿಯಾಗಿಯೇ ಉಳಿಯಿತು. ಗೋಲಿ ಇಟ್ಟಲ್ಲೇ ನಿಂತಿತು. ಅತ್ತೆ ಮಾತ್ರ ಆಚೆ ಹೋಗಿ, ಒಣಗಿ ಬಿರುಕು ಬಿಟ್ಟಿದ್ದ ನಾಲೆಯನ್ನು ನೋಡುತ್ತ ನಿಂತಳು.

"ನಾಲೆಗೆ ನೀರು ಬುಡ್ಲಿ. ಆಮೇಕೆ ನೋಡನ."

"ಅಲ್ಲಿಗಂಟ ಮನೆ ಕಾಯ್ತಾ ಕೂತಿರ್ತದಾ ಅತ್ತೆ? ಬೇರೆಯೋರು ಎತ್ತಾಕ್ಕೊಂಡು ಹೋಯ್ತಾರೆ" ಎಂದರು ನಮ್ಮವರು.

"ಓಗ್ಲಿ. ನಿನ್ ಮನೆ ಆಗಿದ್ರೆ ಇರ್ತದೆ. ಸುಗ್ಗೀಲಿ ಮದ್ಲಿಂಗನ್ನ ನೋಡ್ಬುಟ್ಟು ಹೆಣ್ಣು ಕೊಟ್ಟಂಗೆ ಆಯ್ತದೆ ಕಣಪ್ಪ ಇದು."

ಅವತ್ತು ನಮ್ಮ ಮನೆಯಲ್ಲಿ ಜಗಳವೇ ನಡೆಯಿತು. ಈ ಅಜ್ಜಿಯ ಮಾತು ಕೇಳಿಕೊಂಡರೆ ದೀಪಾವಳಿಗೆ ಬಸ್‌ಸ್ಟ್ಯಾಂಡೇ ಗತಿ ಎಂದರು ನಮ್ಮವರು. ನಾನೂ ಒಳಗೊಳಗೇ ಹೌದೆನ್ನುತ್ತಿದ್ದೆ. ಆದರೂ ಬಾಯಲ್ಲಿ ಅತ್ತೆಯ ಪಕ್ಷ ವಹಿಸಿದೆ. ನಮ್ಮ ತವರಿನ ಕಡೆಯವರನ್ನು ಬೇರೆಯವರು ಅಂದರೆ ನನಗೆ ಆಗುವುದಿಲ್ಲ!

ಮಳೆ ಬಂತು, ನಾಲೆಗೆ ನೀರು ಬಿಟ್ಟರು. ಎರಡು ವಾರ ಬಿಟ್ಟು ಮೂವರೂ ಹೋದೆವು. ಮನೆ ಇನ್ನೂ ಮಾರಾಟವಾಗಿರಲಿಲ್ಲ. ಯಾಕೆ ಎಂದು ಒಳಗೆ ಕಾಲಿಡುತ್ತಲೇ ತಿಳಿಯಿತು. ದೇವರಮನೆಯ ನೆಲದಲ್ಲಿ ಹೆಬ್ಬೆರಳು ಮುಳುಗುವಷ್ಟು ನೀರು ಜಿನುಗಿ ನಿಂತಿತ್ತು. ಅತ್ತೆ ಸೀರೆ ಎತ್ತಿ ಹಿಡಿದು ಒಂದು ಸುತ್ತು ಹಾಕಿ ಬಂದಳು. "ಗೌರಮ್ಮನ್ನ ಬುಡಕ್ಕೆ ಕೆರೆಗಂಟ ಓಗಂಗಿಲ್ಲ ಕಣಪ್ಪ. ಇಲ್ಲೇ ಬುಟ್ಕಬೋದು!" ಎಂದಳು. ನಮ್ಮವರು ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿ ಅವಳಿಗೆ ಮಸಾಲೆ ದೋಸೆ ಕೊಡಿಸಿದರು. ಅದನ್ನು ನಾನು ಕ್ಷಮಾಪಣೆ ಎಂದೇ ತಿಳಿದುಕೊಂಡೆ.

ಹನ್ನೊಂದನೆಯ ಮನೆ ನಿವೃತ್ತ ಮೇಷ್ಟರೊಬ್ಬರದು. ಹಳೆಯ ಹೆಂಚಿನ ಮನೆ. ಗೋಲಿ ಪಡಸಾಲೆಯಿಂದ ಉರುಳುತ್ತ ನೇರವಾಗಿ ಬಚ್ಚಲಿಗೆ ಹೋಗಿ ಬಿತ್ತು. ಬಚ್ಚಲ ಕಟ್ಟೆ ಒಡೆದಿತ್ತು. ಹೆಂಚು ಎರಡು ಕಡೆ ಸೋರುತ್ತಿತ್ತು. ಇದೂ ಆಗಲಿಲ್ಲ ಎಂದುಕೊಂಡು ನಾನು ಚಪ್ಪಲಿ ಮೆಟ್ಟಿದೆ. ಅತ್ತೆ ಅಡಿಗೆಮನೆಗೆ ಹೋದವಳು ಬರಲಿಲ್ಲ.

ಹೋಗಿ ನೋಡಿದೆ. ಒಲೆಯ ಕಟ್ಟೆಯ ಮುಂದೆಯೇ ಒಂದು ದೊಡ್ಡ ಕಿಟಕಿ, ಮೂರು ಅಡಿ ಅಗಲದ್ದು. ಅದರಾಚೆಗೆ ಬೀದಿ, ಬೀದಿಯ ತುದಿಯ ತಿರುವಿನವರೆಗೂ. ಸೊಪ್ಪು ಮಾರುವವಳು ಹೋಗುತ್ತಿದ್ದಳು. ಅತ್ತೆ ಕಂಬಿ ಹಿಡಿದು ಅವಳು ತಿರುವು ದಾಟುವವರೆಗೂ ನೋಡಿದಳು.

"ತಕಳಿ ಇದನ್ನ" ಎಂದಳು.

"ಸೋರ್ತದಲ್ಲ ಅತ್ತೆ!"

"ಹೆಂಚು ಬದ್ಲಾಯ್ಸಿ. ಬಚ್ಚಲ ಕಟ್ಟೆ ಕಟ್ಸಿ. ಸರಿಯಾಗೋದ್ನ ನೋಡಿ ಎದ್ರುಕೋಬಾರ್ದು ಕಣವ್ವ. ಸರಿಯಾಗ್ದೇ ಇರೋದೇನೂ ಇಲ್ಲಿಲ್ಲ."

ತಗೊಂಡೆವು. ಹೆಂಚು ಹೊಸದಾಯಿತು, ನೆಲ ಸರಿಯಾಯಿತು. ದೀಪಾವಳಿಗೆ ಹದಿನೈದು ದಿನ ಮುಂಚೆ ಗೃಹಪ್ರವೇಶ ಎಂದು ಗೊತ್ತಾಯಿತು. ಆಗ ಹುಣಸೂರಿನಿಂದ ಬಂದಿಳಿದರು ನಮ್ಮ ಭಾವ.

ಭಾವ ಅಂದರೆ ನಮ್ಮವರ ಅಣ್ಣ. ಹೊಗೆಸೊಪ್ಪಿನಲ್ಲಿ ಚೆನ್ನಾಗಿ ಸಂಪಾದಿಸಿ, ಸಂಪಾದಿಸಿದ್ದನ್ನೆಲ್ಲ ವಾಸ್ತುವಿಗೆ ಸುರಿಯುತ್ತಿದ್ದವರು. ಆ ಕಾಲದಲ್ಲಿ ನಮ್ಮ ಕಡೆ ವಾಸ್ತು ಜ್ವರದ ಹಾಗೆ ಹಬ್ಬಿತ್ತು. ಚೆನ್ನಾಗಿ ಬಾಳಿದ ಮನೆಗಳನ್ನೆಲ್ಲ ಜನ ಕೆಡವಿ ತಿರುಗಿಸುತ್ತಿದ್ದರು. ಭಾವ ತಮ್ಮ ಮುಂಬಾಗಿಲನ್ನು ಮೂರು ಸಲ ಕಿತ್ತು ಮೂರು ಕಡೆ ಇಡಿಸಿದ್ದರು. ಪೋಸ್ಟ್‌ಮ್ಯಾನ್ ಪ್ರತಿಸಲವೂ ಮನೆಗೆ ಒಂದು ಪ್ರದಕ್ಷಿಣೆ ಹಾಕಿ ಕಾಗದ ಕೊಡಬೇಕಾಗಿತ್ತು. ಅವರ ನಾಯಿ ಯಾವ ಬಾಗಿಲು ಕಾಯಬೇಕೆಂದು ತಿಳಿಯದೆ ಬೇರೆಯವರ ಮನೆ ಸೇರಿಕೊಂಡಿತ್ತು!

ಜೊತೆಗೆ ಒಬ್ಬ ವಾಸ್ತು ಪಂಡಿತರನ್ನೂ ಕರೆತಂದಿದ್ದರು. ಪಂಡಿತರು ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಅಡಿಗೆಮನೆಯಲ್ಲಿ ನಿಂತು ತಲೆ ಅಲ್ಲಾಡಿಸಿದರು. ಅದು ದಕ್ಷಿಣದ ಕಿಟಕಿ, ಯಮನ ದಿಕ್ಕು, ಮನೆಯ ಯಜಮಾನನಿಗೆ ಒಳ್ಳೆಯದಲ್ಲ, ಪ್ರವೇಶಕ್ಕೆ ಮುಂಚೆ ಇಟ್ಟಿಗೆ ಕಟ್ಟಿ ಮುಚ್ಚಿಬಿಡಬೇಕು ಎಂದರು. ಯಜಮಾನನಿಗೆ ಒಳ್ಳೆಯದಲ್ಲ ಎಂದ ಮೇಲೆ ಹೆಂಡತಿಯಾದವಳು ಏನು ಮಾತಾಡುವುದು? ಬಾಯಿ ಮುಚ್ಚಿಕೊಂಡು ಒಪ್ಪಿದೆ. ಮಕ್ಕಳಿಗೆ ಧೈರ್ಯದ ಪಾಠ ಹೇಳುವ ಟೀಚರಮ್ಮ ನಾನು!

ಗೃಹಪ್ರವೇಶದ ಹಿಂದಿನ ದಿನ ಬೆಳಿಗ್ಗೆ ಗಾರೆಯವನು ಇಟ್ಟಿಗೆ ತಂದು ಸಿಮೆಂಟು ಕಲಸಿದ. ಅದೇ ಹೊತ್ತಿಗೆ ಮಿರ್ಲೆ ಬಸ್ಸಿನಿಂದ ಇಳಿದು, ಒಂದು ಮೂಟೆ ತರಕಾರಿ ಹೊತ್ತುಕೊಂಡು ಅತ್ತೆ ಬಂದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಇಟ್ಟಿಗೆ ನೋಡಿದಳು, ಸಿಮೆಂಟು ನೋಡಿದಳು, ನನ್ನ ಮುಖ ನೋಡಿದಳು. ಮೂಟೆ ಇಳಿಸಿ, ಒಲೆಯ ಕಟ್ಟೆಯ ಮೇಲೆ ಹತ್ತಿ, ಕಿಟಕಿಯ ಅಡಿಕಲ್ಲಿನ ಮೇಲೆ ಕಂಬಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು.

"ಮುಚ್ಚಪ್ಪ" ಎಂದಳು ಗಾರೆಯವನಿಗೆ. "ನನ್ನೂ ಸೇರ್ಸಿ ಮುಚ್ಚು."

ಗಾರೆಯವನು ಕರಣೆ ಕೆಳಗಿಟ್ಟ.

"ಏನವ್ವ ಇದು ಸಣ್ಣ ಮಕ್ಕಳಂಗೆ?" ಎಂದರು ಭಾವ. "ಅದು ಯಮನ ದಿಕ್ಕು. ನಿಮ್ಗೆ ಗೊತ್ತಾಗಲ್ಲ, ಇಳೀರಿ."

"ಯಮಂಗೆ ಬರಕ್ಕೆ ಕಿಟ್ಕಿ ಬೇಕಾ? ನಮ್ಮನೇವ್ರನ್ನ ಕಿಟ್ಕಿನೇ ಕಾಣ್ದಿದ್ದ ಮನೆಯಿಂದ ಕರ್ಕಂಡೋದ. ಯಾವ ದಿಕ್ನಲ್ಲಿ ಬಂದ ಅಂತ ಕೇಳ್ಬುಟ್ಟು ಬಾ, ಇಳೀತೀನಿ."

ಭಾವ ಕೂಗಾಡಿದರು. ಪಂಡಿತರು ಶ್ಲೋಕ ಹೇಳಿದರು. ಗಾರೆಯವನು "ಅವ್ವಾ, ಸಿಮೆಂಟು ಗಟ್ಟಿ ಆಯ್ತದೆ" ಎಂದು ಬೇಡಿಕೊಂಡ. "ನಾನು ಅದ್ಕಿಂತ ಮುಂಚ್ಲೇ ಗಟ್ಟಿ ಆಗಿವ್ನಿ" ಎಂದು ಅತ್ತೆ ಎಲೆಗೆ ಸುಣ್ಣ ಹಚ್ಚತೊಡಗಿದಳು. ಎಲ್ಲರೂ ನನ್ನ ಕಡೆ ತಿರುಗಿದರು, ನಿನ್ನ ಅತ್ತೆ, ನೀನೇ ಇಳಿಸು ಎಂದು. ಗಂಡಸರನ್ನೆಲ್ಲ ಪಡಸಾಲೆಗೆ ಕಳಿಸಿ ನಾನು ಅವಳ ಹತ್ತಿರ ಹೋದೆ. ನಿಜ ಹೇಳುತ್ತೇನೆ, ಬಯ್ಯಬೇಕೆಂದೇ ಹೋದೆ. ಹತ್ತಿರ ಹೋದಾಗ ಕಂಡಿತು, ಅವಳು ಒಂದೇ ಎಲೆಗೆ ಮತ್ತೆ ಮತ್ತೆ ಸುಣ್ಣ ಹಚ್ಚುತ್ತಿದ್ದಳು.

"ಏನತ್ತೆ ಇದು? ಒಂದು ಕಿಟಕಿಗೆ ಇಷ್ಟಾ?"

ಅವಳು ಎಲೆ ಮಡಿಸಿ ಕೈಯಲ್ಲೇ ಇಟ್ಟುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಮಿರ್ಲೆ ಮನೇಲಿ ಅಡಿಗೆಕ್ವಾಣೆ ಗೋಡೆಯಿಂದಾಚ್ಗೇ ಬೀದಿ ಕಣವ್ವ. ಕಿಟ್ಕಿ ಇರ್ನಿಲ್ಲ. ಸಂತೆ ದಿನ ಅಪ್ಪನ ಗಾಡಿ ಬರೋದು. ಎತ್ತಿನ ಗೆಜ್ಜೆ ನಂಗೆ ಗೊತ್ತಲ್ಲ, ಊರ್ ಬಾಗ್ಲಲ್ಲೇ ಗೊತ್ತಾಗೋದು. ಗೋಡೆ ತಾವ ಬಂದು ಸದ್ದು ನಿಂತ್ಕಳೋದು. ವಸಿ ಒತ್ತು. ಆಮೇಕೆ ಓಗೋದು."

"ತಾತ ಒಳಕ್ಕೆ ಬರ್ತಿರಲಿಲ್ವಾ?"

"ಮಗಳ ಮನೇಗೆ ವಾರವಾರ ಬಂದ್ರೆ ಬೀಗ್ರು ಏನಂದಾರು ಅಂತ. ನಾನೂ ಒಲೆ ಮುಂದಿಂದ ಎದ್ದು ಬೀದಿ ಬಾಗ್ಲಿಗೆ ಓಗಂಗಿರ್ನಿಲ್ಲ, ಹೊಸಾ ಸೊಸೆ. ಒಂದು ಇಟ್ಟಿಗೆ ತೆಗ್ಸಿ ಅಂತ ಕೇಳ್ದೆ. ಒಂದೇ ಒಂದು. ಹೊಗೆ ಓಯ್ತದೆ ಅಂತ ಸುಳ್ಳು ಯೋಳ್ದೆ. ಮನೆ ಒಡ್ಸಕ್ಕೆ ಬಂದವ್ಳಾ ಅಂದ್ರು. ಸುಮ್ಕಾಗ್ಬುಟ್ಟೆ. ಆಗ ನಂಗೆ ಬಾಯೇ ಇರ್ನಿಲ್ಲ ಕಣ್ ಮಗಾ."

ಬಾಯೇ ಇರಲಿಲ್ಲ! ತಾಲ್ಲೂಕಿನ ದಲ್ಲಾಳಿಗಳೆಲ್ಲ ಹೆದರುತ್ತಿದ್ದ ಬಾಯಿ ಅದು.

"ನಮ್ಮನೇವ್ರು ಓದ್ಮೇಲೆ ಯಜಮಾನ್ಕೆ ನನ್ ಕೈಗೆ ಬಂತು. ನಾನೇ ಆರೆ ತಕಂಡು ಗೋಡೆ ಒಡ್ದೆ. ಇಷ್ಟಗಲ ಕಿಟ್ಕಿ ಮಡಗಿಸ್ದೆ. ಅಷ್ಟೊತ್ಗೆ ಅಪ್ಪ ಓಗ್ಬುಟ್ಟಿದ್ದ. ಯಾರ್ನ ನೋಡ್ಲಿ ಅದ್ರಲ್ಲಿ?"

ನನಗೆ ಅಪ್ಪ ಹೇಳುತ್ತಿದ್ದ ಎತ್ತಿನ ಕಥೆ ನೆನಪಾಯಿತು. ಇಷ್ಟು ವರ್ಷ ಅದನ್ನು ಕೇಳಿ ನಕ್ಕಿದ್ದೆವು. ಎತ್ತುಗಳು ತಾವಾಗಿ ನಿಂತಿರಲಿಲ್ಲ. ಬಿಗಿಯಾಗಿಯೇ ಇದ್ದ ಹಗ್ಗವನ್ನು ತಾತ ಬಿಚ್ಚಿ ಮತ್ತೆ ಬಿಗಿದಿರಬೇಕು. ಗೋಡೆಯ ಆ ಕಡೆ ಅವರು, ಈ ಕಡೆ ಇವಳು.

ನಾನು ಪಡಸಾಲೆಗೆ ಬಂದೆ. "ಕಲಸಿದ ಸಿಮೆಂಟನ್ನ ಬಚ್ಚಲ ಕಟ್ಟೆಗೆ ಹಾಕಪ್ಪ" ಎಂದೆ ಗಾರೆಯವನಿಗೆ. "ಕಿಟಕಿ ಇರುತ್ತೆ."

"ನಾಳೆ ನನ್ ತಮ್ಮಂಗೆ ಏನಾರ ಆದ್ರೆ?" ಭಾವ ಎದ್ದು ನಿಂತರು.

"ಆದ್ರೆ ಕಿಟಕಿಯಿಂದ ಕೂಗಿ ನಾಲ್ಕು ಜನರನ್ನ ಕರೀಬಹುದು ಭಾವ. ಗೋಡೆಯಿಂದ ಆಗಲ್ಲ!" ನನ್ನ ದನಿ ನನಗೇ ಹೊಸದಾಗಿತ್ತು. "ನಾನು ಇನ್ನು ಮೂವತ್ತು ವರ್ಷ ನಿಂತು ಬೇಯಿಸೋ ಜಾಗ ಅದು. ಯಮನ ಜೊತೆ ನಾನೇ ಮಾತಾಡ್ಕೋತೀನಿ."

ನಮ್ಮವರು ಗಂಟಲು ಸರಿಮಾಡಿಕೊಂಡರು. ಇವರೂ ಶುರುಮಾಡಿದರಲ್ಲ ಎಂದುಕೊಂಡೆ.

"ಅಣ್ಣಾ" ಎಂದರು ಬಹಳ ವಿನಯದಿಂದ, "ನಿಮ್ಮನೆ ಬಾಗ್ಲು ಈಗ ಯಾವ ಕಡೀಕದೆ?"

ಗಾರೆಯವನು ಹೆಗಲ ಮೇಲಿನ ಟವೆಲ್ ಬಾಯಿಗೆ ಒತ್ತಿಕೊಂಡು ಬಚ್ಚಲ ಕಡೆ ಓಡಿದ. ಭಾವ ಪಂಡಿತರನ್ನು ಕರೆದುಕೊಂಡು ಮಧ್ಯಾಹ್ನದ ಹುಣಸೂರು ಬಸ್ಸಿಗೆ ಹೊರಟುಹೋದರು. ಮುಂದೆ ಒಂದು ವರ್ಷ ಮಾತು ಬಿಟ್ಟಿದ್ದರು. ಬಿಡಲಿ. ನನ್ನ ಕಿಟಕಿ ನಾನು ಬಿಡಲಿಲ್ಲ.

ಮಾರನೆಯ ದಿನ ಎಂಟು ಗಂಟೆಗೆ ಮುಹೂರ್ತ. ಒಲೆಯ ಮೇಲೆ ಹಾಲಿಟ್ಟು, ಉಕ್ಕುವುದನ್ನು ನೋಡಲು ಹೆಂಗಸರೆಲ್ಲ ಅಡಿಗೆಮನೆಯಲ್ಲಿ ಸೇರಿದ್ದೆವು. ಅಪ್ಪ ಮಾತ್ರ ಇನ್ನೂ ಬಂದಿರಲಿಲ್ಲ. ಅತ್ತೆ ಕಿಟಕಿಯ ಕಂಬಿ ಹಿಡಿದು ನಿಂತಿದ್ದಳು. ಬೀದಿಯ ತಿರುವಿನಲ್ಲಿ ಬಾಳೆಗೊನೆ ಹೊತ್ತ ಒಬ್ಬ ಮುದುಕ ಕಾಣಿಸಿದ, ನಮ್ಮಪ್ಪ. ಬಸ್ಸು ತಡವಾಗಿತ್ತೇನೋ, ಬೀಸಿ ಬೀಸಿ ಹೆಜ್ಜೆ ಹಾಕುತ್ತಿದ್ದರು. ಅಪ್ಪನ ನಡಿಗೆ ಥೇಟು ತಾತನ ನಡಿಗೆ ಎಂದು ಹಳೆಯ ಜನ ಹೇಳುತ್ತಿದ್ದರು.

ನಾನು ಕೂಗಿ ಕರೆಯಲು ಬಾಯಿ ತೆರೆದೆ. ಅತ್ತೆ ಹಿಂದಕ್ಕೆ ಕೈ ಚಾಚಿ ನನ್ನ ತೋಳು ಹಿಡಿದಳು. "ಕರೀಬ್ಯಾಡ" ಎಂದಳು. "ಬರ್ಲಿ, ನಿಧಾನ್ಕೆ ಬರ್ಲಿ."

ಹಾಲು ಉಕ್ಕಿತು. ಎಲ್ಲರೂ ಹೋ ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಅಪ್ಪ ಬೀದಿಯುದ್ದಕ್ಕೂ ನಡೆದು, ಹೆಗಲು ಬದಲಾಯಿಸಿ, ನಮ್ಮ ಜಗುಲಿ ಹತ್ತುವವರೆಗೂ ಹಾಗೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಬಂದ ಕಣವ್ವ" ಎಂದಳು. "ಕಾಣ್ತು."